ಮಾಯದ ಹುಣ್ಣೂ ಚೀಟಿಯ ನ್ಯಾಯವೂ

ಹುಣ್ಣು ಎರಡು ಬಗೆಯದು. ಒಂದು ಬಂದು ಮಾಯುವಂಥದು. ಇನ್ನೊಂದು ಬಂದು ಮನೆಮಾಡಿ ಕೂಡ್ರುವಂಥದು. ಕುಡುಗೋಲು ತಗಲಿದ ಕೈ, ಎಡವಿದ ಹೆಬ್ಬೆರಳು, ಒಲೆಯ ಕೆಂಡ ಸಿಡಿದ ಮೊಣಕೈ ಇವೆಲ್ಲ ಮೊದಲನೆಯ ವರ್ಗಕ್ಕೆ ಸೇರಿದವು; ಎಂಟು ಹತ್ತು ದಿವಸ ನೋವು ಕೊಟ್ಟು ಹೇಳದೆ ಹೋಗುವವು. ಎರಡನೆಯ ವರ್ಗದ್ದಕ್ಕೆ ನಮ್ಮ ಪ್ರಾಚೀನ ವೈದ್ಯರು ದುಷ್ಟವ್ರಣವೆಂದು ಹೆಸರಿಟ್ಟರು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನವು ವ್ರಣದ ವಿಚಾರದಿಂದಲೇ ಆರಂಭವಾಗುವದು; ಅದರ ಮೊದಲನೆಯ ಅಧ್ಯಾಯದಲ್ಲಿಯೇ ವ್ರಣಕ್ಕೆ ೬೦ ಉಪಕ್ರಮಗಳನ್ನು ಹೇಳಿದೆ. ಆಚಾರ್ಯರ ಈ ಶ್ರದ್ಧೆಯನ್ನು ನೋಡಿದರೆ ಕೈ ಮುಗಿಯಬೇಕೆನಿಸುವದು. ಆದರೆ ಒಂದು ವ್ಯಾಧಿಗೆ ಅರವತ್ತು ಉಪಾಯಗಳನ್ನು ಹೇಳಬೇಕಾಯಿತೆಂದರೆ, ಆ ಅರವತ್ತರಲ್ಲಿ ಯಾವದೊಂದೂ ಎಲ್ಲರಿಗೂ ಸಾಲಲಿಲ್ಲವೆಂದೇ ನಾನು ತಿಳಿಯುತ್ತೇನೆ, ಪಂಡಿತರು ಕ್ಷಮಿಸಬೇಕು.

ನಮ್ಮ ಸೋದರತ್ತೆಯದು ಈ ಎರಡನೆಯ ಬಗೆಯ ಹುಣ್ಣು. ಆಕೆಯ ಗಂಡನ ಮನೆ ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿ. ಕೆಲವು ವರ್ಷಗಳ ಹಿಂದೆ ಮೆಣಸಿನಕಾಯಿಯ ಹೊಲದಲ್ಲಿ ಒಂದು ಜಾಲಿಯ ಮುಳ್ಳು ಆಕೆಯ ಬಲ ಅಂಗಾಲಿಗೆ ನಟ್ಟಿತು. ನಟ್ಟದ್ದು ಆಕೆಗೆ ತಿಳಿಯಲೇ ಇಲ್ಲ. ಸಂಜೆಗೆ ಕಾಲು ತೊಳೆಯುವಾಗ ಬಚ್ಚಲ ನೀರು ಕೆಂಪಾದದ್ದನ್ನು ಕಂಡು ಸೊಸೆಯು ಕೂಗಿಕೊಂಡಳು. ಹತ್ತು ವರ್ಷಗಳಿಂದ ಮೈಯಲ್ಲಿದ್ದ ಮಧುಮೇಹವು ಪಾದದ ಸ್ಪರ್ಶಜ್ಞಾನವನ್ನು ಮೆಲ್ಲಮೆಲ್ಲನೆ ತಿಂದುಹಾಕಿತ್ತು. ನೋವಿಲ್ಲದ್ದರಿಂದ ಮರುದಿನವೂ ಆಕೆ ಹೊಲಕ್ಕೆ ಹೋದಳು. ಮೂರನೆಯ ದಿನವೂ ಹೋದಳು. ಆ ಮೇಲೆ ಅರಿಷಿಣ, ಬೇವಿನ ಸೊಪ್ಪು, ಸುಣ್ಣ, ಯಾರೋ ಹೇಳಿದ ಹೊಗೆಸೊಪ್ಪಿನ ಪುಡಿ, ಔಷಧದ ಅಂಗಡಿಯ ಮುಲಾಮು, ಹೀಗೆ ಒಂದರ ಮೇಲೊಂದು ಆದವು. ಏಳು ತಿಂಗಳಾದರೂ ಹುಣ್ಣು ರೂಪಾಯಿಯಗಲಕ್ಕೆ ಕಡಿಮೆಯಾಗಲಿಲ್ಲ. ಮನೆಯಲ್ಲಿ ಮೊಮ್ಮಗಳ ಲಗ್ನವಾದಾಗ, ಬೀಗರಿಗೆ ವಾಸನೆ ಬಂದೀತೆಂದು ಆಕೆ ಹಿತ್ತಲ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಅಕ್ಷತೆಯನ್ನು ಅಲ್ಲಿಂದಲೇ ಕಳಿಸಿಕೊಟ್ಟಳು.

ಪಟ್ಟಣದ ಒಂದು ದೊಡ್ಡ ಆಸ್ಪತ್ರೆಗೆ ಆಕೆಯನ್ನು ನಾನೇ ಕರೆದುಕೊಂಡು ಹೋದೆನು. ಅಲ್ಲಿಯ ತರುಣ ವೈದ್ಯರು ಸೌಮ್ಯರು. ಹುಣ್ಣನ್ನು ತೊಳೆದು, ಅಳೆದು, ಚಿತ್ರ ತೆಗೆದುಕೊಂಡು, ಅವರು ನಮ್ಮಿಬ್ಬರನ್ನೂ ಕೂಡ್ರಿಸಿ ಹೇಳಿದ್ದರ ಸಾರಾಂಶವಿಷ್ಟು: ಹೊಸದೊಂದು ಪಟ್ಟಿ ಬಂದಿರುವದು; ತಾವು ಈಗ ಕಟ್ಟುವ ಪಟ್ಟಿಗಿಂತ ಅದು ಉತ್ತಮವೋ ಅಲ್ಲವೋ ಯಾರಿಗೂ ತಿಳಿಯದು; ತಿಳಿದುಕೊಳ್ಳುವ ಸಲುವಾಗಿ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಹೊಸ ಪಟ್ಟಿಯನ್ನೂ ಇನ್ನೊಂದಕ್ಕೆ ರೂಢಿಯ ಪಟ್ಟಿಯನ್ನೂ ಹನ್ನೆರಡು ವಾರ ಕಟ್ಟಿ ನೋಡುವರು; ಯಾರು ಯಾವ ಪಂಗಡಕ್ಕೆ ಎಂಬದನ್ನು ವೈದ್ಯರಾಗಲಿ ರೋಗಿಯಾಗಲಿ ಆರಿಸುವಂತಿಲ್ಲ, ಮುಚ್ಚಿದ ಲಕೋಟೆಯೊಳಗಿನ ಚೀಟಿಯೇ ಅದನ್ನು ನಿರ್ಣಯಿಸುವದು. ಅತ್ತೆಯು ಎಲ್ಲವನ್ನೂ ಕೇಳಿಕೊಂಡು ನನ್ನ ಕಡೆಗೆ ತಿರುಗಿ, “ತಮ್ಮಾ, ಇವರು ನನಗ ಔಷಧ ಕೊಡತಾರೋ, ನನ್ನ ದೈವಾ ನೋಡತಾರೋ?” ಎಂದಳು.

ಈ ಮಾತನ್ನು ಹಳ್ಳಿಯ ಹೆಂಗಸಿನ ಅಜ್ಞಾನವೆಂದು ನಕ್ಕು ಬಿಡುವಂತಿಲ್ಲ. ಅದು ವಿಷಯದ ಮರ್ಮವನ್ನೇ ಮುಟ್ಟಿರುವದು. ಎದುರಿಗೆ ಕುಳಿತ ರೋಗಿಯ ಹಿತವೇ ವೈದ್ಯನ ಧರ್ಮವೆಂದು ನಾವು ಕೇಳುತ್ತ ಬಂದಿದ್ದೇವೆ. ಮುಂದೆ ಎಂದೋ ಬರಲಿರುವ ರೋಗಿಗಳ ಹಿತವನ್ನೆಣಿಸಿ, ಎದುರಿಗಿರುವವಳನ್ನು ಚೀಟಿಯ ವಶಕ್ಕೆ ಒಪ್ಪಿಸಿದರೆ ಆತನು ಆಕೆಯ ವೈದ್ಯನಾಗಿ ಉಳಿದನೆ? ಇಬ್ಬರು ಮಕ್ಕಳಲ್ಲಿ ಯಾರಿಗೆ ಹಾಲು ಯಾರಿಗೆ ಅಂಬಲಿ ಎಂಬದನ್ನು ತಾಯಿಯು ಚೀಟಿ ಎತ್ತಿ ತೀರ್ಮಾನಿಸಿದರೆ ನಾವು ಆಕೆಯನ್ನು ತಾಯಿ ಎನ್ನುವೆವೆ?

ಈ ಆಕ್ಷೇಪಕ್ಕೆ ಉತ್ತರವು ಒಂದೇ. ಹಾಲು ಯಾವದು ಅಂಬಲಿ ಯಾವದು ಎಂದು ತಾಯಿಗೆ ಗೊತ್ತಿದ್ದರೆ ಚೀಟಿಯು ಕ್ರೌರ್ಯ. ನಿಜವಾಗಿಯೂ ಗೊತ್ತಿಲ್ಲದಿದ್ದರೆ ಅಲ್ಲ. ನ್ಯಾಯದರ್ಶನಕಾರರು ತಮ್ಮ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೂ ಒಂದು ಸ್ಥಾನ ಕೊಟ್ಟಿದ್ದಾರೆ. ಏನೂ ತಿಳಿಯದ ವಿಷಯದಲ್ಲಿ ವಿಚಾರವು ಹುಟ್ಟದು, ನಿಶ್ಚಯವಾದ ವಿಷಯದಲ್ಲಿಯೂ ಹುಟ್ಟದು, ಸಂಶಯವಿದ್ದಲ್ಲಿಯೇ ಅದಕ್ಕೆ ಎಡೆ ಎಂಬದು ಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯ. ಚೀಟಿಯ ಧರ್ಮವೂ ಇದೇ. ಬಲ್ಲವರಲ್ಲಿ ಪ್ರಾಮಾಣಿಕವಾದ ಸಂಶಯವಿರುವವರೆಗೆ ಮಾತ್ರ ಅದಕ್ಕೆ ಅಧಿಕಾರವುಂಟು. ೧೯೪೮ರಲ್ಲಿ ಇಂಗ್ಲಂಡದ ವೈದ್ಯಸಂಶೋಧನ ಮಂಡಳಿಯು ಕ್ಷಯರೋಗದ ಮೇಲೆ ಸ್ಟ್ರೆಪ್ಟೊಮೈಸಿನ್ ಎಂಬ ಆಗಿನ ಹೊಸ ಔಷಧದ ಪರೀಕ್ಷೆಯನ್ನು ಪ್ರಕಟಿಸಿತು. ೧೦೭ ರೋಗಿಗಳನ್ನು ಮುಚ್ಚಿದ ಲಕೋಟೆಗಳ ಮೂಲಕ ವಿಭಾಗಿಸಿ, ೫೫ ಜನರಿಗೆ ಔಷಧವನ್ನೂ ವಿಶ್ರಾಂತಿಯನ್ನೂ, ೫೨ ಜನರಿಗೆ ಆಗ ರೂಢಿಯಲ್ಲಿದ್ದ ವಿಶ್ರಾಂತಿಯನ್ನಷ್ಟೇ ಕೊಟ್ಟರು. ಆರು ತಿಂಗಳಲ್ಲಿ ಮೊದಲನೆಯ ಪಂಗಡದಲ್ಲಿ ೪ ಜನರೂ ಎರಡನೆಯದರಲ್ಲಿ ೧೪ ಜನರೂ ತೀರಿಕೊಂಡರು. ಎಲ್ಲರಿಗೂ ಸಾಲುವಷ್ಟು ಔಷಧವು ಆಗ ಆ ದೇಶದಲ್ಲಿರಲಿಲ್ಲ. ಯಾರಿಗಾದರೂ ಇಲ್ಲವೆನ್ನಲೇಬೇಕಾಗಿರುವಾಗ, ಇಲ್ಲವೆನ್ನುವ ಕೆಲಸವನ್ನು ವಶೀಲಿಗೆ ಬಿಡದೆ ಚೀಟಿಗೆ ಬಿಟ್ಟದ್ದು ನ್ಯಾಯವೇ ಆಯಿತು.

“ಆದರೆ ಅನುಭವವಿಲ್ಲವೆ? ಹಿರಿಯರು ಸಾವಿರ ವರ್ಷ ಕಣ್ಣಾರೆ ಕಂಡದ್ದು ಸಾಲದೆ?” ಎಂದು ಕೇಳುವವರುಂಟು. ಅವರಿಗಾಗಿ ಜೇನುತುಪ್ಪದ ಕಥೆಯನ್ನು ಹೇಳಬೇಕಾಗಿದೆ. ವ್ರಣಕ್ಕೆ ಜೇನೂ ತುಪ್ಪವೂ ಹಿತವೆಂದು ನಮ್ಮ ಸಂಹಿತೆಗಳಲ್ಲಿ ಹೇಳಿರುವದು. ಈ ಮಾತನ್ನು ಒರೆಗೆ ಹಚ್ಚಿ ನೋಡಿದವರಲ್ಲಿ ನಮ್ಮ ನೆರೆಯ ಸೊಲ್ಲಾಪುರದ ವೈಶಂಪಾಯನ ಸ್ಮಾರಕ ವೈದ್ಯಕಾಲೇಜಿನ ಶಸ್ತ್ರವೈದ್ಯರಾದ ಎಂ. ಸುಬ್ರಹ್ಮಣ್ಯಂ ಅವರು ಪ್ರಮುಖರು. ಸೊಲ್ಲಾಪುರವೆಂದರೆ ಸಿದ್ಧರಾಮನ ಸೊನ್ನಲಿಗೆ. ಇಂದು ಮಹಾರಾಷ್ಟ್ರಕ್ಕೆ ಸೇರಿದ್ದರೂ ಕನ್ನಡದ ಮನೆಗಳು ಅಲ್ಲಿ ಕಡಿಮೆಯಿಲ್ಲ. ೧೯೯೧ರಲ್ಲಿ ಅವರು ಸುಟ್ಟಗಾಯದ ೧೦೪ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅರ್ಧ ಜನರಿಗೆ ಜೇನು, ಅರ್ಧ ಜನರಿಗೆ ಆಸ್ಪತ್ರೆಗಳಲ್ಲಿ ಹಚ್ಚುವ ಬೆಳ್ಳಿಯ ಅಂಶವುಳ್ಳ ಮುಲಾಮು. ಹದಿನೈದು ದಿವಸಗಳಲ್ಲಿ ಜೇನಿನ ಪಂಗಡದಲ್ಲಿ ನೂರಕ್ಕೆ ೮೭ ಗಾಯಗಳು ಮಾಯ್ದವು. ಇನ್ನೊಂದರಲ್ಲಿ ನೂರಕ್ಕೆ ೧೦. ಇದನ್ನು ಓದಿದ ಯಾವ ಭಾರತೀಯನ ಎದೆಯು ಉಬ್ಬಲಿಕ್ಕಿಲ್ಲ? ನನ್ನದೂ ಉಬ್ಬಿತು. ಸುಟ್ಟಗಾಯವನ್ನು ಮಾಯಿಸಿದ ಜೇನು ಅತ್ತೆಯ ಅಂಗಾಲಿನ ಹುಣ್ಣನ್ನು ಮಾಯಿಸಲಾರದೆ ಎಂದು ಒಂದು ಶೀಸೆಯನ್ನು ಕೊಂಡೂ ತಂದಿದ್ದೆನು.

ಇಲ್ಲಿಯೇ ನಾನು ಎಡವಿದೆನು. ಒಂದು ಗಾಯವನ್ನು ಕಂಡು ಇನ್ನೊಂದು ಗಾಯದ ಗುಣವನ್ನು ಹೇಳುವದು ಉಪಮಾನ. ಗೋವನ್ನು ಬಲ್ಲವನು ಕಾಡಿನಲ್ಲಿ ಗವಯವನ್ನು ಗುರುತಿಸುವಷ್ಟಕ್ಕೆ ಅದು ಸಾಕು. ಗವಯದ ಹಾಲು ಕರೆಯಲಿಕ್ಕೆ ಸಾಲದು. ಸುಟ್ಟಗಾಯವು ಹೊಸ ಗಾಯ, ಅದರ ಕೆಳಗಿನ ಮಾಂಸವೂ ರಕ್ತನಾಳವೂ ನೆಟ್ಟಗಿರುವವು. ಹಳೆಯ ಹುಣ್ಣಿನಲ್ಲಿ ಕೆಟ್ಟಿರುವದು ಮೇಲಿನ ಚರ್ಮವಲ್ಲ, ಕೆಳಗಿನ ವ್ಯವಸ್ಥೆ. ನ್ಯೂಝಿಲಂಡದ ವೈದ್ಯರು, ರಕ್ತವು ಸರಿಯಾಗಿ ಮೇಲಕ್ಕೆ ಹರಿಯದೆ ಕಾಲಿಗಾಗುವ ಹುಣ್ಣುಗಳ ಮೇಲೆ ಜೇನಿನ ಪಟ್ಟಿಯನ್ನು ೩೬೮ ಜನರಲ್ಲಿ ಪರೀಕ್ಷಿಸಿ ೨೦೦೮ರಲ್ಲಿ ಫಲವನ್ನು ಪ್ರಕಟಿಸಿದರು. ಎರಡೂ ಪಂಗಡಗಳಿಗೆ ಕಾಲನ್ನು ಬಿಗಿದು ಕಟ್ಟುವ ಉಪಚಾರವು ಸಮಾನವಾಗಿತ್ತು. ಹನ್ನೆರಡು ವಾರಗಳಲ್ಲಿ ಜೇನಿನವರಲ್ಲಿ ನೂರಕ್ಕೆ ಸುಮಾರು ೫೬ ಜನರದೂ, ರೂಢಿಯ ಪಟ್ಟಿಯವರಲ್ಲಿ ಸುಮಾರು ೫೦ ಜನರದೂ ಮಾಯ್ದವು. ಅಷ್ಟು ಅಂತರವು ಬರಿಯ ಆಕಸ್ಮಿಕದಿಂದಲೂ ಉಂಟಾಗಬಹುದೆಂದು ಗಣಿತಜ್ಞರ ನಿರ್ಣಯ. ಮೇಲಾಗಿ ಜೇನಿನವರಿಗೆ ನೋವು ಹೆಚ್ಚು. ಬೆಳ್ಳಿಯ ಗತಿಯೂ ಇದೇ: ಇಂಗ್ಲಂಡದಲ್ಲಿ ೨೧೩ ಜನರ ಕಾಲಿನ ಹುಣ್ಣುಗಳ ಮೇಲೆ ಬೆಳ್ಳಿಯ ಪಟ್ಟಿಗಳನ್ನು ಪರೀಕ್ಷಿಸಿ, ಬೆಲೆ ಹೆಚ್ಚೇ ಹೊರತು ಗುಣ ಹೆಚ್ಚಿಲ್ಲವೆಂದು ೨೦೦೯ರಲ್ಲಿ ಕಂಡುಕೊಂಡರು.

ನ್ಯೂಝಿಲಂಡದ ಆ ೫೦ ಎಂಬ ಅಂಕೆಯನ್ನು ವಾಚಕರು ಇನ್ನೊಮ್ಮೆ ನೋಡಬೇಕು. ಹೊಸ ಔಷಧವೇನೂ ಇಲ್ಲದೆ, ಶುಚಿಯಾದ ಪಟ್ಟಿಯನ್ನೂ ಸರಿಯಾದ ಬಿಗಿತವನ್ನೂ ಕೊಟ್ಟಷ್ಟಕ್ಕೆ ಮೂರು ತಿಂಗಳಲ್ಲಿ ಅರ್ಧ ಜನರ ಹುಣ್ಣು ಮಾಯ್ದಿತು. ಹೀಗಿರುವಾಗ, ಅದೇ ಮೂರು ತಿಂಗಳು ಒಬ್ಬನು ಬೂದಿಯನ್ನೇ ಮಂತ್ರಿಸಿ ಕೊಟ್ಟಿದ್ದರೂ ನೂರರಲ್ಲಿ ಹಲವರು ಗುಣಹೊಂದಿ ಆತನ ಬಾಗಿಲಿಗೆ ತೆಂಗಿನಕಾಯಿ ತರುತ್ತಿದ್ದರು. ಗುಣವಾಗದವರು ಮರಳಿ ಬಂದು ಹೇಳುವದಿಲ್ಲ. ಬೇರೊಬ್ಬನ ಬಾಗಿಲಿಗೆ ಹೋಗುವರು. ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಇರುವ ಸಂಬಂಧವೇ ಇಲ್ಲಿಯದು. ಅನುಭವವು ಸುಳ್ಳು ಹೇಳುವದೆಂದಲ್ಲ. ತನಗೆ ಕಂಡಷ್ಟನ್ನೇ ಹೇಳುವದು. ಕಾಣದೆ ಹೋದವರನ್ನೂ ಎಣಿಸಲಿಕ್ಕೆ ಚೀಟಿಯೂ ಎರಡನೆಯ ಪಂಗಡವೂ ಬೇಕಾಗುವವು.

ಇಷ್ಟರಿಂದ ಚೀಟಿಯ ಮೇಲಿನ ದೋಷವು ಹೋಯಿತೆಂದು ಒಪ್ಪೋಣ. ಆದರೆ ನನ್ನ ಮನಸ್ಸಿಗೆ ಹತ್ತಿದ ಪ್ರಶ್ನೆಯು ಇದರ ಆಚೆಗಿನದು. ಅತ್ತೆಯು ಕಡೆಗೆ ಒಪ್ಪಿಕೊಂಡಳು. ಏಕೆ ಒಪ್ಪಿದಳು? ವೈದ್ಯರು ಅವಸರಪಡಿಸಲಿಲ್ಲ, ಬೇಡವೆಂದರೂ ಉಪಚಾರ ನಿಲ್ಲದೆಂದು ಸ್ಪಷ್ಟವಾಗಿ ಹೇಳಿದರು. ಆಕೆಯೆಂದಳು: “ಆಗಲ್ರಿ. ನನ್ನ ಕಾಲಿನಿಂದ ಇನ್ನೊಬ್ಬರ ಕಾಲು ಉಳಿದರ ಉಳೀಲಿ.” ಅಕ್ಷರ ಬಾರದವರ ಒಪ್ಪಿಗೆಗೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನು ಇರಬೇಕೆಂದು ನಮ್ಮ ದೇಶದ ೨೦೧೯ರ ನಿಯಮಗಳಲ್ಲಿಯೂ ಹೇಳಿದೆ. ಅಂಥ ಸಾಕ್ಷಿಯ ಎದುರಿಗೆ ಆಕೆ ಹೆಬ್ಬೆಟ್ಟು ಒತ್ತಿದಳು. ಕಾಯದೆಯ ಕೆಲಸವು ಅಲ್ಲಿಗೆ ಮುಗಿಯಿತು. ಧರ್ಮದ ಕೆಲಸವು ಅಲ್ಲಿಂದ ಆರಂಭವಾಯಿತೆಂದು ನನಗೆ ತೋರುವದು.

ಏಕೆಂದರೆ ಆಕೆ ಕೊಟ್ಟದ್ದು ಒಂದು ದಾನ. ಹನ್ನೆರಡು ವಾರ ಬಸ್ಸಿನಲ್ಲಿ ಹೋಗಿ ಬರುವ ತೊಂದರೆ, ಪರಪುರುಷರ ಮುಂದೆ ಕಾಲು ಚಾಚುವ ಸಂಕೋಚ, ಹುಣ್ಣಿನ ಚಿತ್ರ ತೆಗೆಸಿಕೊಳ್ಳುವ ಅವಮಾನ, ಯಾವ ಪಟ್ಟಿ ಬಂದೀತೋ ಎಂಬ ಅನಿಶ್ಚಯ, ಇವೆಲ್ಲವನ್ನೂ ಆಕೆ ಕಾಣದ ಯಾರಿಗೋ ಕೊಟ್ಟಳು. ದಾನದ ವಿಷಯದಲ್ಲಿ ಪಾತ್ರಾಪಾತ್ರ ವಿವೇಕವಿರಬೇಕೆಂದು ಹಿರಿಯರು ಕೊಡುವವನಿಗೆ ಉಪದೇಶಿಸಿದ್ದಾರೆ. ಇಲ್ಲಿ ಕೊಡುವವಳಿಗೆ ಆ ವಿವೇಕವು ಸಾಧ್ಯವೇ ಇಲ್ಲ. ಪರೀಕ್ಷೆಯನ್ನು ಸರಿಯಾಗಿ ಹೂಡಿದ್ದಾರೋ ಇಲ್ಲವೋ ಎಂಬದನ್ನು ಹಿರೇಬೆಂಡಿಗೇರಿಯ ಹೆಂಗಸು ಹೇಗೆ ತಿಳಿಯಬೇಕು? ಆದುದರಿಂದ ಪಾತ್ರನಾಗುವ ಹೊಣೆಯೆಲ್ಲ ತೆಗೆದುಕೊಳ್ಳುವವನ ಮೇಲೆಯೇ ಬೀಳುವದು. “ಇನ್ನೊಬ್ಬರ ಕಾಲು ಉಳಿಯುವದು” ಎಂಬ ಆಶೆಯನ್ನು ತೋರಿಸಿ ಒಪ್ಪಿಗೆ ಪಡೆದ ಮೇಲೆ, ಯಾರ ಕಾಲನ್ನೂ ಉಳಿಸಲಾರದಂತೆ ಪರೀಕ್ಷೆಯನ್ನು ಹೂಡಿದ್ದರೆ, ಆ ಒಪ್ಪಿಗೆಯು ಸುಳ್ಳು ಹೇಳಿ ಪಡೆದದ್ದೇ ಸರಿ. ಹೇಳಿದವರಿಗೆ ಅದು ಸುಳ್ಳೆಂದು ಗೊತ್ತಿರಲಿಕ್ಕಿಲ್ಲ, ಗೊತ್ತುಮಾಡಿಕೊಳ್ಳದ್ದೂ ತಪ್ಪೇ.

ಹುಣ್ಣಿನ ಪರೀಕ್ಷೆಗಳು ಕೆಡುವ ಬಗೆಯನ್ನು ನೋಡಿದರೆ ಈ ಮಾತು ಉತ್ಪ್ರೇಕ್ಷೆಯಲ್ಲವೆಂದು ತಿಳಿಯುವದು. ಎಲ್ಲಕ್ಕೂ ದೊಡ್ಡದು ಕಾಲಿನ ಭಾರದ ವಿಷಯ. ೧೯೪೬ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ಪಾದಗಳನ್ನು ವರ್ಷಾನುಗಟ್ಟಲೆ ಪರಿಶೀಲಿಸಿ, ಅವು ಹುಣ್ಣಾಗಿ ಸವೆಯುವದು ಮಾಂಸವು ತಾನಾಗಿ ಕೊಳೆಯುವದರಿಂದಲ್ಲ, ನೋವು ತಿಳಿಯದ ಪಾದವನ್ನು ಮನುಷ್ಯನು ಎಡೆಬಿಡದೆ ಊರುವದರಿಂದ ಎಂದು ತೋರಿಸಿಕೊಟ್ಟರು. ನಮಗೆ ಕಾಲಲ್ಲಿ ಒಂದು ಹರಳು ಸಿಕ್ಕರೆ ಕುಂಟುತ್ತೇವೆ. ಆ ಕುಂಟುವಿಕೆಯೇ ನಮ್ಮ ವೈದ್ಯ. ಸ್ಪರ್ಶವಿಲ್ಲದವನು ಕುಂಟುವದಿಲ್ಲ. ಮಧುಮೇಹಿಯ ಪಾದದ ಸ್ಥಿತಿಯೂ ಅದೇ. ೧೯೮೯ರಲ್ಲಿ ಅಮೇರಿಕೆಯಲ್ಲಿ ೪೦ ಜನ ಮಧುಮೇಹಿಗಳ ಅಂಗಾಲಿನ ಹುಣ್ಣುಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಕಾಲಿಗೆ ಮೆತ್ತಿಕೊಂಡಿರುವ ಗಚ್ಚಿನ ಕಟ್ಟನ್ನು ಹಾಕಿದರು, ಇನ್ನೊಂದಕ್ಕೆ ದಿನವೂ ಪಟ್ಟಿ ಬದಲಿಸಿದರು. ಗಚ್ಚಿನವರಲ್ಲಿ ೨೧ಕ್ಕೆ ೧೯ ಮಾಯ್ದವು. ಪಟ್ಟಿಯವರಲ್ಲಿ ೧೯ಕ್ಕೆ ೬. ಔಷಧವಿಲ್ಲ, ರಸಾಯನವಿಲ್ಲ, ಪಾದದ ಮೇಲಿನ ಭಾರವನ್ನು ಹಂಚಿದ್ದೇ ಔಷಧ.

ಈಗ ಇದನ್ನು ಹೊಸ ಪಟ್ಟಿಯ ಪರೀಕ್ಷೆಗೆ ಅನ್ವಯಿಸಿ ನೋಡೋಣ. ಒಂದು ಪಂಗಡದ ಹೆಂಗಸು ಮಗನ ಮನೆಯ ಪಡಸಾಲೆಯಲ್ಲಿ ಕುಳಿತಿರುವಳು. ಇನ್ನೊಂದು ಪಂಗಡದವಳು ಕೂಲಿ ತಪ್ಪಿದರೆ ಒಲೆ ಹತ್ತದೆಂದು ಹೊಲದ ಬದುವಿನ ಮೇಲೆ ಬರಿಗಾಲಿನಲ್ಲಿ ನಡೆಯುವಳು. ಯಾರು ಎಷ್ಟು ನಡೆದರೆಂದು ಬರೆದಿಡದೆ, ಭಾರವನ್ನು ಇಬ್ಬರಿಗೂ ಸಮನಾಗಿ ಇಳಿಸದೆ, ಪಟ್ಟಿಯ ಗುಣವನ್ನು ಅಳೆದೆವೆಂದರೆ ನಾವು ಅಳೆದದ್ದು ಪಟ್ಟಿಯನ್ನಲ್ಲ, ಮನೆತನದ ಅನುಕೂಲವನ್ನು. ಸಾವಿರಾರು ಜನರಿದ್ದರೆ ಚೀಟಿಯೇ ಈ ವ್ಯತ್ಯಾಸಗಳನ್ನು ಎರಡೂ ಕಡೆಗೆ ಹಂಚಿ ಹಾಕೀತು. ಇಪ್ಪತ್ತು ಮೂವತ್ತು ಜನರಲ್ಲಿ ಅದು ಸಾಧ್ಯವಿಲ್ಲ. ಆದರೂ ನಾನು ಓದಲಿಕ್ಕೆ ಸಿಕ್ಕ ಇಂಥ ಪರೀಕ್ಷೆಗಳಲ್ಲಿ ಅಷ್ಟೇ ಜನರಿದ್ದವು ಬಹಳ.

ಉಳಿದ ದೋಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹುಣ್ಣು ಮಾಯ್ದಿತೋ ಇಲ್ಲವೋ ಎಂದು ನೋಡುವವನಿಗೆ ಯಾವ ಪಟ್ಟಿ ಕಟ್ಟಿತ್ತೆಂದು ತಿಳಿದಿರಬಾರದು. ತಿಳಿದಿದ್ದರೆ ಕಣ್ಣು ಮನಸ್ಸಿನ ಮಾತು ಕೇಳುವದು. ಪರೀಕ್ಷೆಯನ್ನು ಹೂಡುವ ಮೊದಲೇ ಅದನ್ನು ಬಹಿರಂಗವಾಗಿ ಬರೆದಿಡಬೇಕು. ನಮ್ಮ ದೇಶದಲ್ಲಿ ಇದಕ್ಕಾಗಿ ೨೦೦೭ರ ಜುಲೈ ೨೦ರಂದು ಒಂದು ನೋಂದಣಿ ಪುಸ್ತಕವನ್ನು ತೆರೆದು, ೨೦೦೯ರ ಜೂನ್ ೧೫ರಿಂದ ನೋಂದಣಿಯನ್ನು ಕಡ್ಡಾಯಮಾಡಿದರು. ಲಾಭದ ದಿವಸ ಕಿರ್ದಿ ಬರೆದು ಹಾನಿಯ ದಿವಸ ಮುಚ್ಚಿಡುವ ಅಂಗಡಿಕಾರನ ಲೆಕ್ಕವನ್ನು ಯಾರೂ ನಂಬರಷ್ಟೆ? ೨೦೧೬ರಲ್ಲಿ ಮಧುಮೇಹಿಗಳ ಪಾದದ ತಜ್ಞರು ಕೂಡಿ, ಇಂಥ ಪರೀಕ್ಷೆಯ ವರದಿಯನ್ನು ಓದುವವನು ಕೇಳಬೇಕಾದ ೨೧ ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಇಪ್ಪತ್ತೊಂದೂ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರಿಸುವ ವರದಿಯು ಇನ್ನೂ ಅಪರೂಪವೇ.

ಯಾರನ್ನು ಹೊರಗಿಡುವರೆಂಬದು ಮಾತ್ರ ಬೇಗ ಮುಗಿಸುವ ಸಂಗತಿಯಲ್ಲ. ಅತ್ತೆಯ ಸಂಗಡ ಅದೇ ಓಣಿಯ ಕಂಬಾರ ಮುದುಕನೊಬ್ಬನು ಅದೇ ಬಸ್ಸಿನಲ್ಲಿ ಬಂದಿದ್ದನು. ಆತನ ಹಿಮ್ಮಡಿಯ ಹುಣ್ಣು ಅತ್ತೆಯದಕ್ಕಿಂತ ದೊಡ್ಡದು, ಹಳೆಯದು. ಕಾಲಿಗೆ ರಕ್ತಸಂಚಾರವು ಕಡಿಮೆಯಿದೆಯೆಂದು ಆತನನ್ನು ಪರೀಕ್ಷೆಗೆ ತೆಗೆದುಕೊಳ್ಳಲಿಲ್ಲ. ರೂಢಿಯ ಉಪಚಾರ ಕೊಟ್ಟರು. ಮರಳಿ ಬರುವಾಗ ಆತನು ಕಿಡಿಕಿಯ ಹೊರಗೆ ನೋಡುತ್ತ, “ಹಂಗಾದರ ನನ್ನ ಹುಣ್ಣು ಹುಣ್ಣಲ್ಲೇನ್ರಿ?” ಎಂದನು. ವೈದ್ಯರ ಕಾರಣವು ಸುಳ್ಳಲ್ಲ. ರಕ್ತವೇ ಮುಟ್ಟದ ಪಾದದಲ್ಲಿ ಪಟ್ಟಿಯ ಗುಣ ಕಾಣದು, ಲೆಕ್ಕ ಕಲಸಿಹೋಗುವದು. ಆದರೆ ಮೂತ್ರಪಿಂಡ ಕೆಟ್ಟವರು ಬೇಡ, ರಕ್ತ ಹರಿಯದವರು ಬೇಡ, ಹುಣ್ಣು ತೀರ ದೊಡ್ಡದಿದ್ದವರು ಬೇಡ, ದೂರದಿಂದ ಬರುವವರು ಬೇಡ ಎನ್ನುತ್ತ ಹೋದರೆ, ಕಡೆಗೆ ಉಳಿಯುವವರು ಹೇಗಿದ್ದರೂ ಮಾಯುವ ಹುಣ್ಣಿನವರು. ಅವರ ಮೇಲೆ ಸಿದ್ಧವಾದ ಪಟ್ಟಿಯನ್ನು ಆ ಮೇಲೆ ಮಾರುವದು ಯಾರಿಗೆ? ಈ ಕಂಬಾರನಿಗೆ.

ಇದೆಲ್ಲ ಸಾಧ್ಯವೇ, ಇಷ್ಟು ಬಿಗಿಹಿಡಿದರೆ ಬಡದೇಶದಲ್ಲಿ ಪರೀಕ್ಷೆಯೇ ನಡೆಯದೆಂದು ಒಬ್ಬ ವೈದ್ಯಮಿತ್ರರು ನನ್ನ ಸಂಗಡ ವಾದಿಸಿದರು. ಕಷ್ಟವೆಂಬದು ನಿಜ, ಅಸಾಧ್ಯವೆಂಬದನ್ನು ನಾನೊಪ್ಪೆನು. ೨೦೧೮ರಲ್ಲಿ ಯುರೋಪಿನ ಐದು ದೇಶಗಳ ಆಸ್ಪತ್ರೆಗಳು ಕೂಡಿ, ರಕ್ತಸಂಚಾರವೂ ಕುಂದಿದ, ಅಂದರೆ ನಮ್ಮ ಕಂಬಾರನಂಥ, ೨೪೦ ಜನ ಮಧುಮೇಹಿಗಳ ಮೇಲೆ ನಡಿಸಿದ ಪರೀಕ್ಷೆಯ ಫಲವು ಪ್ರಕಟವಾಯಿತು. ರಕ್ತವು ತೀರ ನಿಂತುಹೋದವರನ್ನು ಅವರೂ ಬಿಟ್ಟಿದ್ದರು. ಸಕ್ಕರೆಯಿಂದ ಮಾಡಿದ ಒಂದು ಲವಣವನ್ನು ಸೇರಿಸಿದ ಪಟ್ಟಿ ಒಂದು ಕಡೆ, ಆ ಲವಣವಿಲ್ಲದ ಅದೇ ಪಟ್ಟಿ ಇನ್ನೊಂದು ಕಡೆ; ಯಾವದು ಯಾವದೆಂದು ಕಟ್ಟುವವನಿಗೂ ತಿಳಿಯದು, ಕಟ್ಟಿಸಿಕೊಳ್ಳುವವನಿಗೂ ತಿಳಿಯದು. ಇಪ್ಪತ್ತು ವಾರಗಳಲ್ಲಿ ನೂರಕ್ಕೆ ೪೮ ಜನರ ಹುಣ್ಣೂ, ಇನ್ನೊಂದು ಕಡೆ ೩೦ ಜನರದೂ ಮುಚ್ಚಿದವು. ಹಣ ಕೊಟ್ಟದ್ದು ಆ ಪಟ್ಟಿಯನ್ನು ಮಾರುವ ಕಂಪನಿಯೇ. ನನ್ನಂಥ ಸಂಶಯಪ್ರಾಣಿಗೆ ಅದು ಹುಬ್ಬು ಗಂಟಿಕ್ಕುವ ಸಂಗತಿ. ಆದರೂ ಹೂಡಿದ ರೀತಿಯು ಎಷ್ಟು ನೆಟ್ಟಗಿತ್ತೆಂದರೆ ಅದನ್ನು ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ ಒಂದೊಂದು ಆಸ್ಪತ್ರೆಯು ತನ್ನ ಮೂವತ್ತು ರೋಗಿಗಳನ್ನಿಟ್ಟುಕೊಂಡು ಒಂದೊಂದು ಸಣ್ಣ ಪರೀಕ್ಷೆ ಮಾಡುವ ಬದಲು, ಹತ್ತು ಜಿಲ್ಲೆಗಳ ಆಸ್ಪತ್ರೆಗಳು ಕೂಡಿ ಒಂದೇ ಪ್ರಶ್ನೆಯನ್ನು ಮುನ್ನೂರು ಜನರಲ್ಲಿ ಕೇಳಬಾರದೇಕೆ? ಇದಕ್ಕೆ ಬೇಕಾಗುವದು ಹಣಕ್ಕಿಂತ ಹೆಚ್ಚಾಗಿ, ನನ್ನ ಹೆಸರೇ ಮೊದಲಿರಬೇಕೆಂಬ ಹಟವನ್ನು ಬಿಡುವದು.

ಇನ್ನು ಮಾಯುವದೆಂದರೇನು ಎಂಬ ಪ್ರಶ್ನೆ. ಇದನ್ನು ಕಡೆಗೆ ಇಟ್ಟುಕೊಂಡದ್ದು, ನನಗೆ ಇದೇ ಎಲ್ಲಕ್ಕಿಂತ ತೊಡಕಿನದಾಗಿ ಕಂಡದ್ದರಿಂದ. ಅಮೇರಿಕೆಯ ಔಷಧನಿಯಾಮಕ ಇಲಾಖೆಯು ೨೦೦೬ರಲ್ಲಿ ಇದಕ್ಕೊಂದು ಲಕ್ಷಣವನ್ನು ಹೇಳಿತು: ಚರ್ಮವು ಪೂರ್ತಿ ಮುಚ್ಚಿರಬೇಕು, ರಸ ಸೋರಬಾರದು, ಪಟ್ಟಿಯ ಅವಶ್ಯಕತೆ ಇರಬಾರದು, ಎರಡು ವಾರಗಳ ಅಂತರದಿಂದ ಎರಡು ಸಲ ನೋಡಿದರೂ ಹಾಗೆಯೇ ಇರಬೇಕು. ಅಳೆಯುವವನಿಗೆ ಇದು ಒಳ್ಳೆಯ ಲಕ್ಷಣ. ಹುಣ್ಣು ಅರ್ಧ ಕಿರಿದಾಯಿತು, ಬಣ್ಣ ತಿರುಗಿತು ಎಂಬ ಸಡಿಲಾದ ಮಾತುಗಳಿಗೆ ಇದರಿಂದ ತಡೆಯಾಯಿತು. ಆದರೆ ಅತ್ತೆಯನ್ನು ಕೇಳಿದ್ದರೆ ಆಕೆ ಬೇರೆ ಲಕ್ಷಣವನ್ನು ಹೇಳುತ್ತಿದ್ದಳು. ವಾಸನೆ ಹೋಗಬೇಕು, ಪಂಕ್ತಿಯಲ್ಲಿ ಕೂಡ್ರಲಿಕ್ಕೆ ಬರಬೇಕು, ಬಸವಣ್ಣನ ಗುಡಿಯವರೆಗೆ ನಡೆದು ಹೋಗಿ ಬರಬೇಕು, ಸೊಸೆಯ ಕೈಯಲ್ಲಿ ಕಾಲು ತೊಳೆಸಿಕೊಳ್ಳುವದು ತಪ್ಪಬೇಕು. ಪರೀಕ್ಷೆಯ ಪುಸ್ತಕದಲ್ಲಿ ಇವುಗಳಿಗೆ ಅಂಕಣವಿರಲಿಲ್ಲ. ಹುಣ್ಣು ಮುಚ್ಚದಿದ್ದರೂ ವಾಸನೆಯನ್ನು ಕಳೆಯುವ ಪಟ್ಟಿಯು ಆ ಪುಸ್ತಕದ ಲೆಕ್ಕಕ್ಕೆ ಸೋತ ಪಟ್ಟಿ. ಮೊಮ್ಮಗಳ ಲಗ್ನದ ದಿವಸ ಹಿತ್ತಲ ಕೋಣೆಯಲ್ಲಿದ್ದವಳ ಲೆಕ್ಕಕ್ಕೆ ಹಾಗಲ್ಲ.

ಕಾಲದ ಮಾತೂ ಇದರೊಳಗೇ ಬರುವದು. ಒಮ್ಮೆ ಮಾಯ್ದ ಮಧುಮೇಹಿಯ ಪಾದದ ಹುಣ್ಣು ಒಂದು ವರ್ಷದೊಳಗೆ ಸುಮಾರು ನೂರಕ್ಕೆ ೪೦ ಜನರಲ್ಲಿ ಮರಳಿ ಬರುವದೆಂದೂ, ಮೂರು ವರ್ಷಗಳಲ್ಲಿ ಸುಮಾರು ೬೦ ಜನರಲ್ಲಿ ಬರುವದೆಂದೂ ಬಲ್ಲವರು ಅಂದಾಜುಮಾಡಿದ್ದಾರೆ. ಹೀಗಿರಲು ಹನ್ನೆರಡನೆಯ ವಾರಕ್ಕೆ ಪುಸ್ತಕ ಮುಚ್ಚುವ ಪರೀಕ್ಷೆಯು ಕಥೆಯ ಅರ್ಧವನ್ನೇ ಹೇಳಿದಂತಾಗುವದು.

ಅತ್ತೆಯು ಜ್ಯೇಷ್ಠದಲ್ಲಿ ಪರೀಕ್ಷೆಗೆ ಸೇರಿದ್ದಳು. ಮಳೆಗಾಲವೆಲ್ಲ ಆಕೆಯನ್ನು ಮನೆಯವರು ಹೊಲಕ್ಕೆ ಬಿಡಲಿಲ್ಲ. ವೈದ್ಯರ ಅಪ್ಪಣೆ ಒಂದು, ಓಣಿಯ ಕೆಸರು ಇನ್ನೊಂದು. ಪಡಸಾಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತ ಶ್ರಾವಣವನ್ನು ಕಳೆದಳು. ಹನ್ನೆರಡನೆಯ ವಾರಕ್ಕೆ ಹುಣ್ಣು ಮುಚ್ಚಿತ್ತು. ಎರಡು ವಾರ ಬಿಟ್ಟು ನೋಡಿದರೂ ಮುಚ್ಚಿಯೇ ಇತ್ತು. ಮಾಯ್ದಿತೆಂದು ಬರೆದುಕೊಂಡರು. ಆ ವರ್ಷದ ಪುಷ್ಯದಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ಆಳು ಸಾಲದೆ ಆಕೆ ನಾಲ್ಕು ದಿವಸ ಹೊಲಕ್ಕೆ ಹೋದಳು. ಐದನೆಯ ದಿವಸ ಅದೇ ಸ್ಥಳದಲ್ಲಿ ಚರ್ಮ ಒಡೆಯಿತು. ಆಕೆಗೆ ಹತ್ತಿದ ಚಿಂತೆಯು ಕಾಲಿನದಕ್ಕಿಂತ ಪುಸ್ತಕದ್ದು. “ತಮ್ಮಾ, ಅವರು ಮಾಯ್ತಂತ ಬರಕೊಂಡಾರ. ತಿರುಗಿ ಬಂದದ್ದನ್ನೂ ಬರಸು. ಇಲ್ಲಂದರ ಅವರ ಲೆಕ್ಕಾ ತಪ್ಪತದ,” ಎಂದು ನನಗೆ ಹೇಳಿಕಳಿಸಿದಳು. ನಾನು ಆ ಆಸ್ಪತ್ರೆಗೆ ಪತ್ರ ಬರೆದೆನು. ಪರೀಕ್ಷೆಯು ಮುಗಿದಿದೆಯೆಂದೂ, ನಡಿಸುತ್ತಿದ್ದ ವೈದ್ಯರು ಬೇರೆ ಊರಿಗೆ ಹೋಗಿದ್ದಾರೆಂದೂ, ರೋಗಿಯು ಚಿಕಿತ್ಸೆಗೆ ಹೊರರೋಗಿಗಳ ವಿಭಾಗಕ್ಕೆ ಬರಬಹುದೆಂದೂ ಎರಡು ಸಾಲಿನ ಉತ್ತರ ಬಂದಿತು. ಯಾವ ಪಟ್ಟಿ ಗೆದ್ದಿತೆಂದು ನಾನು ಕೇಳಿದ್ದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಆ ಪರೀಕ್ಷೆಯ ಫಲವು ಎಲ್ಲಿಯೂ ಅಚ್ಚಾದದ್ದು ಇಂದಿನವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ಅತ್ತೆಯ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಈಗ ಆಕೆ ಹುಬ್ಬಳ್ಳಿಯಲ್ಲಿ ಅಳತೆ ಕೊಟ್ಟು ಮಾಡಿಸಿದ ಮೆತ್ತನೆಯ ಅಟ್ಟೆಯ ಚಪ್ಪಲಿಗಳನ್ನು ಮನೆಯೊಳಗೂ ಹಾಕಿಕೊಂಡು ನಡೆಯುತ್ತಾಳೆ. ಮಡಿಯ ಮಾತೆತ್ತುವ ನೆರೆಯವರನ್ನು ಸೊಸೆಯೇ ಗದರಿಸುತ್ತಾಳೆ. ಕಂಬಾರ ಮುದುಕನು ತೀರಿಕೊಂಡನು. ನಾನು ಹಿರೇಬೆಂಡಿಗೇರಿಗೆ ಹೋದಾಗೊಮ್ಮೆ ಅತ್ತೆಯು ಊಟ ಬಡಿಸುತ್ತ, ಆ ಚೀಟಿಯೊಳಗೆ ತನಗೆ ಬಂದದ್ದು ಹೊಸ ಪಟ್ಟಿಯೋ ಹಳೆಯ ಪಟ್ಟಿಯೋ ಎಂದು ಕೇಳುತ್ತಾಳೆ. ನಾನು ಇನ್ನೂ ತಿಳಿದುಕೊಂಡು ಹೇಳುವೆನೆಂದೇ ಅನ್ನುತ್ತ ಬಂದಿದ್ದೇನೆ.